ಅಣ್ಣನ ಜೀಪಿನ ಸದ್ದು

ಗೇರ್ ಆಯಿಲಿನ ವಾಸನೆ ನಿಮಗೆ ಗೊತ್ತಿರಲಿಕ್ಕಿಲ್ಲ. ಗೊತ್ತಿಲ್ಲದಿದ್ದರೆ ನಷ್ಟವೇನೂ ಇಲ್ಲ. ಕೊಳೆತ ಮೊಟ್ಟೆಗೆ ಸೀಮೆಎಣ್ಣೆ ಸುರಿದ ಹಾಗಿರುತ್ತದೆ. ಅಂಗಿಗೆ ತಾಗಿದರೆ ಎಷ್ಟು ಒಗೆದರೂ ಹೋಗುವುದಿಲ್ಲ. ಕಳೆದ ತಿಂಗಳು ಸ್ಕೂಟರಿನ ಬ್ರೇಕ್ ಸರಿಮಾಡಿಸಲೆಂದು ಪುತ್ತಿಗೆಯ ಗ್ಯಾರೇಜೊಂದರಲ್ಲಿ ಕುಳಿತಿದ್ದೆ. ಪಕ್ಕದಲ್ಲಿ ಯಾರದೋ ಹಳೆಯ ಜೀಪು. ಅದರ ಹಿಂದಿನ ಚಕ್ರಗಳ ನಡುವೆ ಇರುವ ದಪ್ಪ ಗುಂಡಿನ ಮುಚ್ಚಳ ಬಿಚ್ಚಿದರು. ವಾಸನೆ ಬಂತು. ನಾನು ಎದ್ದು ಹೊರಗೆ ಹೋಗಿ ನಿಂತೆ. "ತಲೆ ತಿರುಗಿತಾ?" ಎಂದು ಗ್ಯಾರೇಜಿನವರು ಕೇಳಿದರು. ಹೌದು ಎಂದೆ. ಅಣ್ಣನ ನೆನಪಾಯಿತು ಎಂದು ಅಪರಿಚಿತರ ಹತ್ತಿರ ಹೇಳಲಿಕ್ಕಾಗುತ್ತದೆಯೇ?

ವರ್ಕಾಡಿಯ ಕಡೆ ಬಸ್ಸುಗಳು ಕಡಿಮೆ ಇದ್ದ ಕಾಲದಲ್ಲಿ ನಮ್ಮ ಮನೆಯ ಜೀಪು ಜನ ತುಂಬಿಸಿಕೊಂಡು ಓಡುತ್ತಿತ್ತು. ಅಪ್ಪ ತೀರಿಹೋದ ಮೇಲೆ ಬೆಳಿಗ್ಗೆ ಅಣ್ಣ, ಮಧ್ಯಾಹ್ನದಿಂದ ನಾನು. ಕಟ್ಟಿದ ಬೀಡಿ ಕೊಡಲು ಹೊರಟ ಹೆಂಗಸರು, ಮೀನಿನ ಬುಟ್ಟಿಯವರು, ಮದುವೆಗೆ ಹೊರಟ ಒಂದಿಡೀ ಕುಟುಂಬ, ಹೀಗೆ. ನಾನು ಒಂದು ಮೊಣಕೈ ಹೊರಗಿಟ್ಟು ಓಡಿಸುತ್ತಿದ್ದೆ. ದಾರಿಯುದ್ದಕ್ಕೂ ಜನ ನನ್ನನ್ನೇ ನೋಡುತ್ತಾರೆಂದು ನನಗೆ ಖಾತ್ರಿಯಿತ್ತು. ಅವರು ನೋಡುತ್ತಿದ್ದುದು ಜೀಪಿನಲ್ಲಿ ಜಾಗ ಉಂಟೋ ಎಂದು. ಇರಲಿ, ಜೀವನದಲ್ಲಿ ಅಷ್ಟು ಖುಷಿಯಿಂದ ನಾನು ಬೇರೆ ಯಾವ ಕೆಲಸವನ್ನೂ ಮಾಡಿಲ್ಲ.

ಒಮ್ಮೆ ಜೀಪಿನ ಹಿಂದಿನ ಗುಂಡಿನೊಳಗೆ ಗೇರಿನ ಹಲ್ಲು ಮುರಿಯಿತು. ಅಣ್ಣ ತಾನೇ ಮಂಗಳೂರಿಗೆ ಜೀಪನ್ನು ಎಳೆಸಿಕೊಂಡು ಹೋಗಿ, ಬೇಕಾದ ಸಾಮಾನನ್ನೂ ತಾನೇ ಹುಡುಕಿ ಕೊಟ್ಟು, ರಿಪೇರಿ ಮಾಡಿಸಿಕೊಂಡು ಬಂದ. ಊರಿನ ಮೇಸ್ತ್ರಿಗಳಿಗೆ ಏನೂ ಗೊತ್ತಿಲ್ಲ ಎಂಬುದು ಅವನ ನಂಬಿಕೆ. ಹಾಗೆ ನೋಡಿದರೆ ಅವನನ್ನು ಬಿಟ್ಟು ಯಾರಿಗೂ ಏನೂ ಗೊತ್ತಿರಲಿಲ್ಲ. ಮರುದಿನವೇ ನನಗೆ ಸದ್ದು ಕೇಳಿಸಿತು. ಜೀಪು ವೇಗ ಹಿಡಿಯುತ್ತಿದ್ದಂತೆ ಹಿಂದಿನಿಂದ ಕೊಂಯ್ ಎಂದು ಸಣ್ಣ ರಾಗ, ಹಠ ಹಿಡಿದ ಮಗು ಮೂಗಿನಲ್ಲಿ ಅಳುವ ಹಾಗೆ. ಕಾಲು ತೆಗೆದರೆ ನಿಲ್ಲುತ್ತಿತ್ತು, ಒತ್ತಿದರೆ ಮತ್ತೆ ಶುರು.

"ಅಣ್ಣ, ಹಿಂದೆ ಎಂತದೋ ಕೂಗುತ್ತದೆ."

"ನಿನ್ನ ಕಿವಿಯಲ್ಲಿ ಕೂಗುವುದು," ಎಂದ ಅವನು.

ಅದೇ ವರ್ಷ ಮಳೆಗಾಲ ಮುಗಿದ ಮೇಲೆ ಅಮ್ಮ ಬಾವಿಕಟ್ಟೆಗೆ ನಾಲ್ಕು ಕೆಂಪುಕಲ್ಲು ಬೇಕೆಂದಳು. ಕಾರಡ್ಕದ ಕಡೆಯಿಂದ ಬರುವಾಗ ನಾನು ಜೀಪಿನಲ್ಲಿ ಹಾಕಿಕೊಂಡು ಬಂದೆ. ನಾಲ್ಕು ಅಂದರೆ ನಾಲ್ಕೇ ಅಲ್ಲ, ಸ್ವಲ್ಪ ಜಾಸ್ತಿಯೇ ಇತ್ತು. ಆದರೆ ಮದುವೆಗೆ ಹೊರಡುವ ಒಂದು ಕುಟುಂಬದಷ್ಟು ಭಾರ ಖಂಡಿತ ಇರಲಿಲ್ಲ. ಆ ವಾರ ಸದ್ದು ಅಣ್ಣನ ಕಿವಿಗೂ ಬಿತ್ತು. ಜೀಪು ನಿಲ್ಲುವ ಜಾಗದಲ್ಲಿ, ಒಳಗೆ ಜನ ಕೂತಿರುವಾಗಲೇ, ಅವನು ನನ್ನ ಕೈಯಿಂದ ಕೀ ಕಸಿದುಕೊಂಡ.

"ಕಲ್ಲು ಹೊತ್ತು ಜೀಪಿನ ಸೊಂಟ ಮುರಿದಿದ್ದಾನೆ. ಇನ್ನು ಇವನು ಮುಟ್ಟುವುದು ಬೇಡ."

ಹಿಂದಿನ ಸೀಟಿನಲ್ಲಿದ್ದವರು ಇಳಿದು ಹೋಗಲಿಲ್ಲ. ಕಿಟಕಿಯ ಹೊರಗೆ ನೋಡಿದರು. ಅವರ ಮೇಲೆ ನನಗೆ ಇವತ್ತಿಗೂ ಸಿಟ್ಟುಂಟು. ಅವರಲ್ಲಿ ಅರ್ಧ ಜನ ಈಗ ಇಲ್ಲ.

ಮನೆಯಲ್ಲಿ ಮಾತು ನಿಂತಿತು. ಅಣ್ಣ ಉಣ್ಣಲು ಕೂತರೆ ನಾನು ಏಳುವುದು, ನಾನು ಕೂತರೆ ಅವನು. ಅಮ್ಮ ನಡುವೆ ಪಾತ್ರೆ ಹಿಡಿದುಕೊಂಡು ನಿಲ್ಲುತ್ತಿದ್ದಳು. ಒಂದು ದಿನ ನನ್ನನ್ನು ಕೊಟ್ಟಿಗೆಯ ಹಿಂದೆ ಕರೆದು, "ತಪ್ಪಾಯಿತು ಅಂತ ಒಂದು ಮಾತು ಹೇಳಿಬಿಡು ಮಗಾ," ಎಂದಳು.

"ನಾನು ಎಂತ ಮಾಡಿದ್ದೇನೆ?"

"ಎಂತದೂ ಮಾಡಲಿಲ್ಲ. ಅದು ನನಗೆ ಗೊತ್ತುಂಟು. ನನಗೋಸ್ಕರ ಹೇಳು."

ಹೇಳಿದೆ. ಅಣ್ಣ ಅಂಗಳದಲ್ಲಿ ಹಲ್ಲುಜ್ಜುತ್ತಿದ್ದ. ಬಾಯಿ ತುಂಬ ನೊರೆ ಇಟ್ಟುಕೊಂಡೇ ತಲೆಯಾಡಿಸಿದ. ಮಾತು ಮರಳಿ ಬಂತು, ಕೀ ಬರಲಿಲ್ಲ. ನಾನು ಕುಂಬಳೆಯ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದೆ.

ಜೀಪಿನ ಸದ್ದು ಬೆಳೆಯುತ್ತ ಹೋಯಿತು. ಮುಂದೆ ಕೂತವರು ಗಟ್ಟಿಯಾಗಿ ಮಾತನಾಡಬೇಕಾದ ಸ್ಥಿತಿ ಬಂದ ಮೇಲೆ ಅಣ್ಣ ಅದನ್ನು ಊರಿನ ಮೋನಪ್ಪ ಮೇಸ್ತ್ರಿಯ ಹತ್ತಿರ ಒಯ್ದ. "ನೀನೂ ಹೋಗು," ಎಂದು ಅಮ್ಮ ನನ್ನನ್ನು ಹಿಂದಿನಿಂದ ಕಳಿಸಿದಳು. ಮೇಸ್ತ್ರಿ ಮೊದಲು ಟಯರುಗಳನ್ನು ಅದಲುಬದಲು ಮಾಡಿದ. ಸದ್ದು ಹಾಗೇ ಇತ್ತು. ಉದ್ದದ ಶಾಫ್ಟಿನ ಜಾಯಿಂಟುಗಳಿಗೆ ಗ್ರೀಸ್ ಹಾಕಿದ. ಹಿಂಭಾಗ ಜಾಕಿಯಲ್ಲಿ ಎತ್ತಿ ಚಕ್ರ ತಿರುಗಿಸಿ ಬೇರಿಂಗುಗಳನ್ನು ನೋಡಿದ. ತಿರುವಿನಲ್ಲಿ ಎಡಕ್ಕೆ ಬಲಕ್ಕೆ ಓಡಿಸಿ ನೋಡಿದರೂ ಸದ್ದು ಬದಲಾಗಲಿಲ್ಲ. ಎಕ್ಸಲರೇಟರಿನ ಮೇಲೆ ಕಾಲಿದ್ದರೆ ಮಾತ್ರ ಕೂಗು. "ಹಾಗಾದರೆ ಹಲ್ಲುಗಳದ್ದೇ," ಎಂದ.

"ಅದು ನನಗೆ ಗೊತ್ತಿದ್ದದ್ದೇ. ಕಲ್ಲು ಹೊತ್ತದ್ದು," ಎಂದ ಅಣ್ಣ.

ಮುಚ್ಚಳ ಬಿಚ್ಚಿದಾಗ ಆ ವಾಸನೆ ಶೆಡ್ ತುಂಬಿತು. ಎಣ್ಣೆ ಕಪ್ಪಾಗಿ, ಅದರಲ್ಲಿ ಉಕ್ಕಿನ ಪುಡಿ ಮಿನುಗುತ್ತಿತ್ತು. ಮೇಸ್ತ್ರಿ ಎಲ್ಲ ಒರೆಸಿ, ಒಳಗಿನ ದೊಡ್ಡ ಗೇರ್ ಚಕ್ರದ ಹಲ್ಲುಗಳಿಗೆ ಬಣ್ಣ ಹಚ್ಚಿ ಮೆಲ್ಲಗೆ ತಿರುಗಿಸಿದ. ಹಲ್ಲಿನ ನಡುವೆ ಬೀಳಬೇಕಾದ ಗುರುತು ಅಂಚಿನಲ್ಲಿ ಮಾತ್ರ ಬಿದ್ದಿತ್ತು. ಆಮೇಲೆ ಆ ದೊಡ್ಡ ಚಕ್ರವನ್ನೂ ಅದನ್ನು ತಿರುಗಿಸುವ ಸಣ್ಣ ಹಲ್ಲುಚಕ್ರ ಪಿನಿಯನ್ನನ್ನೂ ಹೊರಗೆ ತೆಗೆದು, ಎರಡರ ಮೇಲೂ ಕೊರೆದ ನಂಬರನ್ನು ಬೆಳಕಿಗೆ ಹಿಡಿದ. ಬೇರೆ ಬೇರೆ ಇತ್ತು.

"ಇದು ಜೋಡಿಯಾಗಿಯೇ ಬರುವುದು. ಯಾರೋ ಸಣ್ಣದನ್ನು ಮಾತ್ರ ಗುಜರಿಯಿಂದ ತಂದು ಹಾಕಿದ್ದಾರೆ. ಹಾಕಿದ ದಿನದಿಂದಲೇ ಕೂಗಿರಬೇಕು. ಭಾರಕ್ಕೆ ಹೀಗಾಗುವುದಿಲ್ಲ."

ಯಾರೋ ಎಂದ ಮೇಸ್ತ್ರಿಗೆ ಅದು ಯಾರೆಂದು ಗೊತ್ತಿತ್ತು. ಅಣ್ಣ ಹೊರಗೆ ಹೋಗಿ ಯಾರಿಗೋ ಫೋನ್ ಮಾಡತೊಡಗಿದ.

ಹೊಸ ಜೋಡಿ ಬಂತು. ತೆಳು ತಗಡಿನ ಬಳೆಗಳನ್ನು ಇಟ್ಟು ತೆಗೆದು, ಹಲ್ಲುಗಳ ನಡುವಿನ ಸಡಿಲ ಸರಿಮಾಡಿ, ಹೊಸ ಎಣ್ಣೆ ತುಂಬಿಸಿ ಮೇಸ್ತ್ರಿ ಜೀಪು ಕೊಟ್ಟ. ಅಣ್ಣ ಓಡಿಸಿದ, ನಾನು ಪಕ್ಕದಲ್ಲಿ ಕೂತೆ. ಸದ್ದೇ ಇಲ್ಲ. ಗಾಳಿ ಮಾತ್ರ. ಅವನು ಈಗ ಹೇಳುತ್ತಾನೆ, ಈ ತಿರುವಿನ ನಂತರ ಹೇಳುತ್ತಾನೆ ಎಂದು ಕಾದೆ. ಮನೆಯ ಏರು ಬಂತು. ನಾನೇ ಬಾಯಿಬಿಟ್ಟೆ.

"ಕಲ್ಲಿನಿಂದ ಅಲ್ಲವಲ್ಲ ಅಣ್ಣ."

ಅವನು ದಾರಿಯಿಂದ ಕಣ್ಣು ತೆಗೆಯಲಿಲ್ಲ. "ಅಲ್ಲದಿದ್ದರೆ ಆವತ್ತು ತಪ್ಪಾಯಿತು ಅಂತ ಯಾಕೆ ಹೇಳಿದೆ?"

ಇದಕ್ಕೆ ಉತ್ತರ ಏನೆಂದು ನಿಮಗೆ ಹೊಳೆದರೆ ನೀವು ನನಗಿಂತ ಜಾಣರು. ಅಮ್ಮನ ಹೆಸರು ಹೇಳುವ ಮನಸ್ಸಾಗಲಿಲ್ಲ.

ಅಲ್ಲಿಂದ ಮುಂದೆ ಅದು ನಮ್ಮ ಕುಟುಂಬದ ನಗೆಯ ಕಥೆಯಾಯಿತು. ನಾಮಕರಣವಿರಲಿ, ಸತ್ತವರ ಬೊಜ್ಜವಿರಲಿ, ಊಟ ಮುಗಿದು ವೀಳ್ಯದ ತಟ್ಟೆ ಬರುವಾಗ ಅಣ್ಣ ಶುರುಮಾಡುತ್ತಿದ್ದ: ಇವನು ಕಲ್ಲು ಹೊತ್ತದ್ದು, ಜೀಪು ಅತ್ತದ್ದು, ಆಮೇಲೆ ಇವನು ಅತ್ತದ್ದು. ನಾನು ಅತ್ತಿರಲಿಲ್ಲ. ಆದರೂ ಎಲ್ಲರ ಜೊತೆ ನಾನೂ ನಗುತ್ತಿದ್ದೆ, ಎಲ್ಲರಿಗಿಂತ ಗಟ್ಟಿಯಾಗಿ. ಅಮ್ಮ ಮಾತ್ರ ಎದ್ದು ಒಳಗೆ ಹೋಗುತ್ತಿದ್ದಳು. ಈಗ ಅವಳೂ ಇಲ್ಲ.

ಕಳೆದ ತಿಂಗಳು ಪುತ್ತಿಗೆಯ ಗ್ಯಾರೇಜಿನಲ್ಲಿ ನಾನು ಕೂತಿದ್ದ ಆ ವಾರವೇ ಅಣ್ಣನ ಮಗಳ ಹೊಸ ಮನೆಯ ಒಕ್ಕಲಿತ್ತು. ಊಟವಾಯಿತು. ಅಣ್ಣ ಎಲೆಗೆ ಸುಣ್ಣ ಹಚ್ಚುತ್ತ, "ಇವನ ಕಥೆ ಗೊತ್ತುಂಟಾ ನಿಮಗೆ?" ಎಂದು ಅಳಿಯನ ಕಡೆಯವರ ಕಡೆಗೆ ತಿರುಗಿದ. ನಾನು ನಗಲಿಲ್ಲ.

"ಅಣ್ಣ, ಆ ಪಿನಿಯನ್ ಗುಜರಿಯಿಂದ ತಂದದ್ದು ನೀನು. ನಾನು ತಪ್ಪಾಯಿತು ಅಂತ ಹೇಳಿದ್ದು ಅಮ್ಮ ಕೇಳಿಕೊಂಡದ್ದಕ್ಕೆ."

ಗಲಾಟೆಯೇನೂ ಆಗಲಿಲ್ಲ. ಯಾರೋ ಕೆಮ್ಮಿದರು. ಅತ್ತಿಗೆ ಖಾಲಿ ತಟ್ಟೆಯನ್ನೇ ಎತ್ತಿಕೊಂಡು ಒಳಗೆ ಹೋದಳು. ಅಣ್ಣ ಸುಣ್ಣ ಹಚ್ಚಿದ ಎಲೆ ಮಡಚುತ್ತ, "ಇಷ್ಟು ವರ್ಷ ಇದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದೆಯಾ ಮಾರಾಯ?" ಎಂದ. ಎಲ್ಲರೂ ಅವನ ಮೇಲೆ ಕನಿಕರಪಟ್ಟರು. ಮನೆಗೆ ಬರುವಾಗ ಸ್ಕೂಟರಿನ ಹಿಂದೆ ಕೂತಿದ್ದ ಹೆಂಡತಿ, "ಅಂಥ ದಿನವೇ ಹೇಳಬೇಕಿತ್ತಾ?" ಎಂದು ಕೇಳಿದಳು. ಬೇರೆ ದಿನ ಯಾವುದಿತ್ತು ಎಂದು ನಾನು ಕೇಳಲಿಲ್ಲ.

ಅಣ್ಣ ಈಗ ಆ ಕಥೆ ಹೇಳುವುದಿಲ್ಲವಂತೆ. ನನ್ನ ಹೆಸರನ್ನೂ ಹೇಳುವುದಿಲ್ಲವಂತೆ.