ಭಾವನಿಗೆ ಕಾಣದ ಎಲೆ-ಅಡಿಕೆ ತಟ್ಟೆ

ಎಲೆ-ಅಡಿಕೆ ತಟ್ಟೆ ಚಾಚಿ ಒಬ್ಬ ಮನುಷ್ಯ ಎಷ್ಟು ಹೊತ್ತು ಕಾಯಬಹುದು? ಹಿರೇಕೆರೂರಿನ ಶಿವರುದ್ರಪ್ಪನವರು ಕೈ ಸೋಲುವವರೆಗೆ ಕಾದರು. ಆಮೇಲೆ ತಟ್ಟೆಯನ್ನು ಠಣ್ಣನೆ ಕೆಳಗಿಟ್ಟು ಎದ್ದರು.

ನಡೆದದ್ದು ಅಕ್ಕಿಆಲೂರಿನಲ್ಲಿ, ನನ್ನ ಅಕ್ಕ ನೀಲವ್ವನ ಮನೆಯಲ್ಲಿ. ಅಕ್ಕನ ಮಗಳನ್ನು ಸೊಸೆಯಾಗಿ ಕೇಳಲು ಶಿವರುದ್ರಪ್ಪನವರು ಬಂದಿದ್ದರು. ಮಾತೆಲ್ಲ ಮುಗಿದಿತ್ತು. ಎಲೆ-ಅಡಿಕೆ ಬದಲಾದರೆ ಸಂಬಂಧ ಗಟ್ಟಿ. ಅವರು ಪಕ್ಕದಲ್ಲೇ ಕುಳಿತು ತಟ್ಟೆ ಹಿಡಿದರೆ, ನಮ್ಮ ಭಾವ ಚನ್ನವೀರಪ್ಪ ಎದುರಿಗಿದ್ದ ನನಗೆ ಯುದ್ಧದ ಸುದ್ದಿ ಹೇಳುತ್ತಲೇ ಇದ್ದರು! ನಾನು ಕಣ್ಸನ್ನೆ ಮಾಡಿದೆ. (ಅದನ್ನು ಮೆಚ್ಚುಗೆ ಎಂದು ತಿಳಿದು ಇನ್ನೊಂದು ರಣರಂಗಕ್ಕೆ ಹೋದರು.)

“ನಮ್ಮ ಕೈಯಾಗಿನ ಎಲಿ ಬ್ಯಾಡಾದ್ರ ನಮ್ಮ ಹುಡುಗನೂ ಬ್ಯಾಡ ಬಿಡ್ರಿ,” ಎಂದು ಶಿವರುದ್ರಪ್ಪನವರು ಹೊರಟೇಬಿಟ್ಟರು. ಒಳಗೆ ಹುಡುಗಿ ಅಳತೊಡಗಿದಳು.

“ಯಾವ ತಾಟು? ನಾ ನೋಡೇ ಇಲ್ಲ,” ಎಂದರು ಭಾವ. ಯಾರು ನಂಬುತ್ತಾರೆ? ಈ ವಯಸ್ಸಿನಲ್ಲೂ ಚಾಳೀಸು ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುವ ಮನುಷ್ಯ!

ಅಕ್ಕ ನಂಬಿದಳು. ಇತ್ತೀಚೆಗೆ ಭಾವನ ಭುಜ ಬಾಗಿಲ ಚೌಕಟ್ಟಿಗೆ ಬಡಿಯುತ್ತಿತ್ತು. ಪಕ್ಕದಲ್ಲಿಟ್ಟ ತಂಬಿಗೆಯನ್ನು ಒದೆಯುತ್ತಿದ್ದರು. ಸಂತೆಯಲ್ಲಿ ಬದಿಯಿಂದ ಕೈಮುಗಿದವರನ್ನು ದಾಟಿ ಹೋಗುತ್ತಿದ್ದರು. ಊರು ಅದನ್ನು ಸೊಕ್ಕು ಎಂದಿತ್ತು.

“ಸೊಕ್ಕಿದ್ರ ನನ್ನ ಮುಂದ ತೋರಸ್ತಿದ್ರು. ತಂಬಿಗಿ ಮುಂದ ಯಾಕ ತೋರಸ್ತಾರ?” ಎಂದಳು ಅಕ್ಕ. “ಇದು ಕಣ್ಣಿಂದ ಐತಿ.”

ಆದರೆ ಭಾವ ಡಾಕ್ಟರ ಹತ್ತಿರ ಬರಬೇಕಲ್ಲ? “ನನ್ನ ಕಣ್ಣು ಫಸ್ಟ್ ಕ್ಲಾಸ್!” ಎಂದು ಕೂತರು. ಮರುದಿನ ಅಕ್ಕ ಸಾರಿಗೆ ಸಕ್ಕರೆ ಸುರಿದಳು. (ರೇಶನ್ ಸಕ್ಕರೆ! ಧೈರ್ಯ ನೋಡಿ.) “ಉಪ್ಪು ಯಾವುದು, ಸಕ್ರಿ ಯಾವುದು, ಒಂದೂ ಕಾಣವಲ್ದರಿ,” ಎಂದು ಗೋಳಾಡಿದಳು. ಭಾವ ಬೆದರಿ, ಪೆಟ್ರೋಲಿನ ಅಭಾವಕ್ಕೆ ಇದ್ದಲಿನಿಂದ ಓಡುವ ಬಸ್ಸು ಹಿಡಿದು ಹೆಂಡತಿಯನ್ನು ಹುಬ್ಬಳ್ಳಿಗೆ ಕರೆದೊಯ್ದರು. ಜೊತೆಗೆ ನಾನು, ಸುಳ್ಳಿಗೆ ಸಾಕ್ಷಿ.

“ಒಂದು ಕಣ್ಣು ಮುಚ್ಚಿಕೊಂಡು ನನ್ನ ಮೂಗು ನೋಡ್ರಿ,” ಎಂದರು ಕಣ್ಣಿನ ಡಾಕ್ಟರು. “ಬದಿಯಿಂದ ಬೆರಳು ಬಂದಾಗ ಹೇಳ್ರಿ.”

“ನನಗ ತಿಳೀಲಿಲ್ರಿ. ಮೊದಲ ಇವರಿಗೆ ಮಾಡಿ ತೋರಸ್ರಿ,” ಎಂದಳು ಅಕ್ಕ.

ಭಾವ ಉತ್ಸಾಹದಿಂದ ಕುಳಿತರು. ಬೆರಳು ಬದಿಯಿಂದ ಬಂತು. ಭಾವ ಸುಮ್ಮನೆ. ಇನ್ನೂ ಒಳಗೆ ಬಂತು. ಸುಮ್ಮನೆ. ಮೂಗಿನ ಹತ್ತಿರ ತಲುಪಿದಾಗ “ಹಾಂ, ಈಗ ಬಂತು!” ಎಂದು ಪಂದ್ಯ ಗೆದ್ದವರಂತೆ ನಕ್ಕರು. ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು. ನಗು ತಡೆಯಲಿಕ್ಕಲ್ಲ.

ಡಾಕ್ಟರು ಭಾವನ ಮುಚ್ಚಿದ ರೆಪ್ಪೆಗಳ ಮೇಲೆ ಬೆರಳಿಟ್ಟು ಮೆಲ್ಲಗೆ ಒತ್ತಿ ನೋಡಿದರು. ಇನ್ನೂ ಏನೇನೋ ಟೆಸ್ಟ್ ಮಾಡಿದರು.

“ಗ್ಲಾಕೋಮಾ ಅಂತಾರ್ರಿ. ಕಣ್ಣೊಳಗಿನ ನೀರು ಸರಿಯಾಗಿ ಹೊರಗ ಹರಿಯವಲ್ದು, ಒತ್ತಡ ಏರೇತಿ. ನೋಟದ ನರ ಸಾಯಾಕತ್ತೈತಿ. ಬದಿಯ ನೋಟ ಮೊದಲ ಹೋಗತೈತಿ, ಎದುರಿಂದು ಕಡೀಕ.”

“ನೋವೇ ಆಗಿಲ್ಲಲ್ರಿ?” ಎಂದರು ಭಾವ.

“ನೋವಾಗಿದ್ರ ಎಂದೋ ಬಂದಿರ್ತಿದ್ರಿ.”

“ಹೋದ ನೋಟ?”

“ಬರೂದಿಲ್ರಿ. ಇದ್ದದ್ದನ್ನ ಉಳಸಿಕೊಳ್ಳೂಣು. ಕಣ್ಣಾಗ ಔಷಧದ ಹನಿ ಹಾಕೂದು ಮಾತ್ರ ತಪ್ಪಸಬ್ಯಾಡ್ರಿ. ಅದರಿಂದ ಆಗದಿದ್ರ ಆಪರೇಶನ್.”

ಹೊರಗೆ ಬಂದ ಭಾವ ಅಕ್ಕನ ಕಡೆಗೆ ಪೂರ್ತಿ ತಿರುಗಿ ನಿಂತರು. ಆಮೇಲೆ ಕೇಳಿದರು: “ನಿನ್ನ ಕಣ್ಣು?”

“ಛಲೋ ಅದಾವ್ರಿ.”

“ಮತ್ತ ಆ ಸಾರು?”

“ನೋಡೇ ಹಾಕಿದ್ನಿ.”

ಭಾವ ಅಕ್ಕನ ಕೈ ಹಿಡಿದರು. ಹುಬ್ಬಳ್ಳಿಯ ನಡುಬೀದಿಯಲ್ಲಿ! ಅವಳೂ ಬಿಡಿಸಿಕೊಳ್ಳಲಿಲ್ಲ. (ನಾನು ಅಂಗಡಿಯ ಬೋರ್ಡು ಓದಿದೆ.)

ಹಿರೇಕೆರೂರಿಗೆ ಭಾವ ತಾವೇ ಹೋಗಿ ಎಲ್ಲ ಹೇಳಿದರು. ಶಿವರುದ್ರಪ್ಪನವರಿಗೆ ಇನ್ನೂ ಅನುಮಾನ. ಬದಿಗೆ ಬಂದು ಭಾವನ ಕಣ್ಣಿನ ಪಕ್ಕ ಅಂಗೈ ಬೀಸಿದರು. ಭಾವ ರೆಪ್ಪೆಯನ್ನೂ ಅಲುಗಿಸಲಿಲ್ಲ. ದೊಡ್ಡ ಮನುಷ್ಯನ ಮುಖ ಸಣ್ಣದಾಯಿತು. ತಾವೇ ಎದ್ದು, ಎದುರಿಗೆ ಬಂದು ಕುಳಿತು, ತಟ್ಟೆ ಚಾಚಿದರು. “ತಗೋರಿ ಬೀಗರ.”

ಈ ಬೇನೆ ಮನೆತನದಲ್ಲಿ ಹರಿಯುವುದುಂಟು, ಒಡಹುಟ್ಟಿದವರೂ ಕಣ್ಣು ತೋರಿಸಲಿ ಎಂದು ಡಾಕ್ಟರು ಹೇಳಿದ್ದರು. ನಿನ್ನೆ ಸವಣೂರಿಗೆ ಹೋಗಿ ಭಾವನ ತಮ್ಮನಿಗೆ ಹೇಳಿದೆ.

“ನನಗೇನೂ ನೋವಿಲ್ಲಪಾ. ನೋಯಾಕತ್ತಿದ ಮ್ಯಾಲ ಬರ್ತೇನಿ,” ಎಂದ ಪುಣ್ಯಾತ್ಮ.

ನೋಯಿಸದೇ ಕಣ್ಣು ಕದಿಯುವ ಕಳ್ಳ, ಬರುವ ಮೊದಲು ಬಾಗಿಲು ತಟ್ಟಬೇಕಂತೆ. ತಟ್ಟುತ್ತಾನೆಯೇ?