ಅದಲುಬದಲಾದ ವೈರುಗಳು

ರೇಡಿಯೊ ರಿಪೇರಿಯಲ್ಲಿ ತಲೆ ನರೆಸಿಕೊಂಡ ಅಣ್ಣ ತಂಗಿಯ ಬೇಸ್ ಗಿಟಾರನ್ನು ಬಿಚ್ಚಿ ಕೂತಿದ್ದ. ಅವಳು ಅದನ್ನು ಮಾರುವವಳಿದ್ದಳು. ಅದರ ಎರಡು ವಾಲ್ಯೂಮ್ ಗುಂಡಿಗಳಲ್ಲಿ ಒಂದನ್ನು ತಗ್ಗಿಸಿದರೂ ಇನ್ನೊಂದರ ಸದ್ದು ಉಳಿಯಬೇಕಿತ್ತು; ಆದರೆ ಯಾವುದನ್ನು ಪೂರ್ತಿ ತಗ್ಗಿಸಿದರೂ ಇಡೀ ಗಿಟಾರ್ ಮೂಕವಾಗುತ್ತಿತ್ತು.

ಹನ್ನೆರಡು ವರ್ಷದ ಹಿಂದೆ ಆ ಗುಂಡಿಗಳನ್ನು ಹೊಸದಾಗಿ ಹಾಕಿಕೊಟ್ಟವನು ಅವನೇ. ಆಮೇಲೆ ತಂಗಿ ಎರಡು ಸಲ ಬಂದಿದ್ದಳು.

"ಅಣ್ಣಾ, ಹಾಡಿನ ಮಧ್ಯೆ ಸದ್ದೇ ನಿಂತುಹೋಗತ್ತೆ. ಸ್ವಲ್ಪ ನೋಡೋ."

ಗಿರಾಕಿಗಳ ಮುಂದೆ ಅವನು ನಕ್ಕಿದ್ದ. "ನಾನು ಹಾಕಿದ ಬೆಸುಗೆ ಬಿಡಲ್ಲ ಕಣೇ. ನಿನ್ನ ಕೈನೇ ರಿಪೇರಿಗೆ ಕೊಡು."

ಮೂರನೆಯ ಸಲ ಅವಳು ಬರಲಿಲ್ಲ. ಅವಳು ನುಡಿಸುತ್ತಿದ್ದ ವಾದ್ಯತಂಡ ಅವಳ ಬದಲಿಗೆ ಬೇರೆಯವರನ್ನು ಹುಡುಕಿಕೊಂಡಿತು.

ಬೆಸುಗೆ ನಿಜಕ್ಕೂ ಬಿಟ್ಟಿರಲಿಲ್ಲ. ಆದರೆ ಗುಂಡಿಯ ಅಡಿಯ ಮೂರು ಲೋಹದ ಕಾಲುಗಳಲ್ಲಿ ನಡುವಿನದಕ್ಕೆ ಹಾಕಬೇಕಾದ ವೈರು ಪಕ್ಕದ ಕಾಲಿಗಿತ್ತು, ಪಕ್ಕದ್ದು ನಡುವಿಗೆ. ರೇಡಿಯೊದಲ್ಲಿ ಹಾಗೆಯೇ ಹಾಕುವುದು. ಕೈ ತನ್ನ ರೂಢಿಯಂತೆ ಹಾಕಿಬಿಟ್ಟಿತ್ತು. ಸರಿಪಡಿಸಲು ಹತ್ತು ನಿಮಿಷವೂ ಹಿಡಿಯಲಿಲ್ಲ.

ಸಂಜೆ ತಂಗಿ ಬಂದಾಗ ಅವನು ಒಂದು ಗುಂಡಿಯನ್ನು ತಗ್ಗಿಸಿ ತಂತಿ ಮೀಟಿದ. ಸದ್ದು ನಿಲ್ಲಲಿಲ್ಲ.

"ತಪ್ಪು ನನ್ನದೇ ಕಣೇ. ಅವತ್ತೇ ಬಿಚ್ಚಿ ನೋಡಬೇಕಿತ್ತು."

"ಇಷ್ಟು ವರ್ಷ ನನ್ನ ಕೈನೇ ಬೈಕೊಂಡಿದ್ನಲ್ಲೋ!" ಅವಳು ನಗಲು ನೋಡಿದಳು.

"ಮಾರಬೇಡ ಬಿಡು."

"ಬೆರಳಿಗೆ ಎಲ್ಲ ಮರೆತುಹೋಗಿದೆ, ಅಣ್ಣಾ. ಕೊಳ್ಳೋ ಹುಡುಗಿ ಹೊರಗೆ ಕಾಯ್ತಿದಾಳೆ."

ಗಿಟಾರನ್ನು ಅವನೇ ಬಾಗಿಲತನಕ ಹೊತ್ತು ತಂದ. "ಸದ್ದು ನಿಂತರೆ ತಗೊಂಡು ಬಾಮ್ಮ," ಎಂದು ಆ ಹುಡುಗಿಗೆ ಹೇಳಿದ. "ಎಷ್ಟು ಸಲ ಬಂದ್ರೂ ಬಿಚ್ಚಿ ನೋಡ್ತೀನಿ."

ಹೇಳುವಾಗ ಅವನು ನೋಡುತ್ತಿದ್ದುದು ತಂಗಿಯನ್ನು.