ಹಸಿರು ಶಾಯಿಯ ಸಾಲುಗಳು

ಹೊಸ ಅಧ್ಯಾಪಕರಿಗೆ ಕೃತಿಸ್ವಾಮ್ಯದ ಬಗ್ಗೆ ಒಂದು ಗಂಟೆ ಮಾತಾಡಬೇಕಂತೆ, ಅದೂ ನಾನು! ಕಾನೂನಿನ ಪುಸ್ತಕ ಹುಡುಕಲು ಕಪಾಟು ತೆಗೆದರೆ ಗಪ್ಪೆಂದು ನುಸಿಗುಳಿಗೆಯ ವಾಸನೆ. ಸೀರೆಗಳ ಅಡಿಯಲ್ಲಿ ಆ ನೋಟ್‌ಬುಕ್ಕು...

ಅದು ನನಗೆ ಅರ್ಥಶಾಸ್ತ್ರ ಕಲಿಸಿದ ಮಾಷ್ಟ್ರದ್ದು. ಕುದ್ರೋಳಿಯಿಂದ ನಡೆದೇ ಕಾಲೇಜಿಗೆ ಬರುತ್ತಿದ್ದರು. ನೋಟ್ಸನ್ನು ನೀಲಿಯಲ್ಲಿ ಬರೆದು, ಪ್ರತಿ ಪುಟದ ಬುಡದಲ್ಲಿ ಹಸಿರು ಶಾಯಿಯಿಂದ ಒಂದು ಸಾಲು ಸೇರಿಸುವುದು ಅವರ ಅಭ್ಯಾಸ. ಈ ವಿವರಣೆ ಇಂಥವರ ಪುಸ್ತಕದ್ದು, ಈ ಕೋಷ್ಟಕ ಇಂಥ ದಿನದ ಪತ್ರಿಕೆಯದ್ದು... ನಾವು ಹಿಂದಿನಿಂದ ನಗುತ್ತಿದ್ದೆವು. ಮುಂದೆ ನಾನು ಅದೇ ಕಾಲೇಜಿಗೆ ತಾತ್ಕಾಲಿಕ ಉಪನ್ಯಾಸಕಿಯಾಗಿ ಸೇರಿದಾಗ ನೋಟ್‌ಬುಕ್ಕನ್ನು ತಾವಾಗಿಯೇ ತಂದುಕೊಟ್ಟರು.

"ಪಾಠಕ್ಕೆ ಬೇರೆಯವರ ಪುಸ್ತಕದಿಂದ ಎರಡು ಪುಟ ಬೇಕಾದರೆ ತೆಗೆಯುವ, ಅಡ್ಡಿಯಿಲ್ಲ. ಮಾರ್ಲಿಕ್ಕಿಲ್ಲ. ಮತ್ತೆ ಯಾರದ್ದು ಅಂತ ಹೇಳದಿದ್ದರೆ ಅದೆಂತ ಪಾಠ ಮಾರಾಯ್ತಿ?" ಎಂದಿದ್ದರು.

ಪ್ರಾಂಶುಪಾಲರಿಗೆ ಮಾರಾಟಕ್ಕೊಂದು ಗೈಡ್ ಬೇಕಿತ್ತು. ನಾನು ಹಿಂದೆಮುಂದೆ ನೋಡದೆ ಆ ನೋಟ್ಸನ್ನೇ ಟೈಪ್ ಮಾಡಿಕೊಟ್ಟೆ. ಪರೀಕ್ಷೆಗೆ ಓದುವ ಮಕ್ಕಳಿಗೆ ಇದೆಲ್ಲ ಯಾಕೆಂದು ಹಸಿರು ಸಾಲುಗಳನ್ನು ಬಿಟ್ಟೆ. ಮಾಷ್ಟ್ರನ್ನು ಕೇಳಲಿಲ್ಲ. ಗೌರವವಂತೆ, ಮುಖಪುಟದಲ್ಲಿ ಅವರ ಹೆಸರು ಬೇರೆ ಹಾಕಿಸಿದೆ!

ಪಠ್ಯಪುಸ್ತಕವೊಂದರ ಲೇಖಕರಿಂದ ವಕೀಲರ ನೋಟಿಸು ಬಂತು. ಅವರ ಪುಟಗಳು ಗೈಡಿನಲ್ಲಿ ಇದ್ದ ಹಾಗೇ ಇದ್ದವು. ಪ್ರಾಂಶುಪಾಲರು ನಮ್ಮಿಬ್ಬರನ್ನೂ ಕರೆಸಿ, ಹೆಸರು ನಿಮ್ಮದಲ್ಲವೇ, ಕದ್ದದ್ದೂ ನೀವೇ ಎಂದು ಮಾಷ್ಟ್ರ ಮೇಲೆ ಹಾಕಿದರು. ಮಾಷ್ಟ್ರು ಸಿಟ್ಟಾಗಲಿಲ್ಲ. ನನ್ನ ಕಡೆ ತಿರುಗಿದರು.

"ನೋಟ್ಸ್ ನಿನ್ನತ್ರ ಉಂಟಲ್ಲ, ತೋರಿಸು. ಕೆಳಗೆ ಎಲ್ಲ ಬರೆದಿದ್ದೇನೆ."

ನನ್ನ ಕೆಲಸ ಖಾಯಂ ಆಗಬೇಕಿದ್ದದ್ದು ಅದೇ ತಿಂಗಳು. "ಅದು ಕಳೆದುಹೋಗಿದೆ ಸರ್" ಎಂದೆ. ನೋಟ್‌ಬುಕ್ಕು ನನ್ನ ಮಡಿಲಲ್ಲಿದ್ದ ಬ್ಯಾಗಿನೊಳಗೇ ಇತ್ತು.

ಅವರು ಕ್ಷಮಾಪಣೆ ಬರೆದುಕೊಟ್ಟು ರಾಜೀನಾಮೆ ಇತ್ತರು. ನಾನು ಖಾಯಂ ಆದೆ. ಥೂ, ನನ್ನ ಜನ್ಮಕ್ಕಿಷ್ಟು! ಆಮೇಲೆ ಮಾರುಕಟ್ಟೆಯಲ್ಲಿ ಎರಡು ಮೂರು ಸಲ ಸಿಕ್ಕಿದ್ದರು. ಊಟ ಆಯ್ತಾ ಎಂದು ಕೇಳಿದರೇ ಹೊರತು ನೋಟ್‌ಬುಕ್ಕಿನ ಸುದ್ದಿ ಎತ್ತಲಿಲ್ಲ. ಗೊತ್ತಿತ್ತೋ ಏನೋ... ಕಳೆದ ವರ್ಷ ತೀರಿಕೊಂಡರು. ಹೋಗಲು ನನಗೆ ಮುಖವಿರಲಿಲ್ಲ.

ಕಪಾಟಿನೆದುರು ಕುಳಿತು ಇವತ್ತು ಮೊದಲ ಬಾರಿಗೆ ಬರೀ ಹಸಿರು ಸಾಲುಗಳನ್ನು ಓದುತ್ತಾ ಹೋದೆ. ಪೂರೈಕೆ ಮತ್ತು ಬೆಲೆಯ ಪಾಠ. ಮಳೆಗಾಲದಲ್ಲಿ ದೋಣಿ ಕಡಲಿಗಿಳಿಯದಿದ್ದರೆ ಬಂಗುಡೆಯ ಬೆಲೆ ಏರುವುದನ್ನು ವಿವರಿಸಿ, ಕೆಳಗೆ ಬರೆದಿದ್ದರು: "ಈ ಉದಾಹರಣೆ ನನ್ನದಲ್ಲ. ಕಾವೂರಿನಿಂದ ಬರುವ ವಿದ್ಯಾರ್ಥಿನಿ ತರಗತಿಯಲ್ಲಿ ಹೇಳಿದ್ದು." ಮುಂದೆ ನನ್ನ ಹೆಸರು, ಇನಿಷಿಯಲ್ ಸಹಿತ.

ಟೈಪ್ ಮಾಡುವಾಗ ಅದನ್ನೂ ಓದದೆಯೇ ಬಿಟ್ಟಿದ್ದೆ. ಈಗ ನೋಟ್‌ಬುಕ್ಕು ಹಿಂದೆ ಕೊಡೋಣವೆಂದರೆ ಮಾಷ್ಟ್ರೇ ಇಲ್ಲ.